‘ಟೆಸ್ಟ್’ ಪದದಿಂದ ಅಳೆದ ಒಂದು ನಿಘಂಟು ಆ್ಯಪ್

ಮೂರು ತಿಂಗಳಿಂದ ಈ ಇಂಗ್ಲಿಷ್-ಕನ್ನಡ ನಿಘಂಟು ಆ್ಯಪ್ ಬಳಸುತ್ತಿದ್ದೇನೆ. ನಾನು ಅನುವಾದದ ಕೆಲಸ ಮಾಡುವವಳು. ಯಾವ ನಿಘಂಟು ಸಿಕ್ಕರೂ ಮೊದಲು ‘ಟೆಸ್ಟ್’ ಪದವನ್ನೇ ಹುಡುಕುತ್ತೇನೆ. ಎಲ್ಲರಿಗೂ ಗೊತ್ತಿರುವ ಪದ, ಅಲ್ವಾ? ಅದಕ್ಕೇ ಎಷ್ಟೋ ನಿಘಂಟುಗಳು ‘ಪರೀಕ್ಷೆ’ ಎಂದಷ್ಟೇ ಬರೆದು ಮುಂದೆ ಹೋಗಿಬಿಡುತ್ತವೆ.

ಇದು ಹಾಗಲ್ಲ. ಪದ ಹುಟ್ಟಿದ ಬಗೆಯನ್ನೂ ಹೇಳುತ್ತದೆ. ಲ್ಯಾಟಿನ್ನಿನ ‘ಟೆಸ್ಟಮ್’ ಅಂದರೆ ಮಣ್ಣಿನ ಪಾತ್ರೆ. ಚಿನ್ನ, ಬೆಳ್ಳಿಯನ್ನು ಕರಗಿಸಿ ಎಷ್ಟು ಶುದ್ಧ ಎಂದು ನೋಡುವ ಪುಟ್ಟ ಮೂಸೆಗೆ ಇಂಗ್ಲಿಷಿನಲ್ಲಿ ಮೊದಲು ಟೆಸ್ಟ್ ಎನ್ನುತ್ತಿದ್ದರು. ಓದಿ ತುಂಬಾ ಖುಷಿಯಾಯಿತು. ನಮ್ಮ ‘ಒರೆಗೆ ಹಚ್ಚು’ ಕೂಡ ಚಿನ್ನದ ಕೆಲಸದಿಂದಲೇ ಬಂದ ಮಾತು. ‘ಪುಟ್ ಟು ದ ಟೆಸ್ಟ್’ ಎಂಬುದಕ್ಕೆ ಆ್ಯಪ್ ಕೊಟ್ಟಿರುವ ಅರ್ಥವೂ ಅದೇ. ಇದಕ್ಕಿಂತ ಒಳ್ಳೆಯ ಪದ ನನಗೆ ಹೊಳೆಯುವುದಿಲ್ಲ.

ಬೇಸರವಾಗಿದ್ದು ಉದಾಹರಣೆಗಳಲ್ಲಿ. ‘ಟೆಸ್ಟಿಂಗ್ ಟೈಮ್ಸ್’ ಅಂದರೆ ತಾಳ್ಮೆಗೆ ಸವಾಲೊಡ್ಡುವ ಕಷ್ಟದ ದಿನಗಳು. ಇಲ್ಲಿ ಸುಮ್ನೆ ‘ಪರೀಕ್ಷಾ ಸಮಯ’ ಎಂದು ಹಾಕಿದ್ದರು. ಓದಿದವರಿಗೆ ಶಾಲೆಯ ವೇಳಾಪಟ್ಟಿಯೇ ನೆನಪಾಗುತ್ತದೆ. ಇನ್ನೊಂದು, ‘ಟೇಕ್ ಎ ಟೆಸ್ಟ್’ ಮತ್ತು ‘ಗಿವ್ ಎ ಟೆಸ್ಟ್’. ಸಾಮಾನ್ಯವಾಗಿ ಟೇಕ್ ಮಾಡುವವರು ವಿದ್ಯಾರ್ಥಿಗಳು, ಗಿವ್ ಮಾಡುವವರು ಟೀಚರ್. ನಾವು ಕನ್ನಡದಲ್ಲಿ ಟೆಸ್ಟ್ ‘ಬರೆಯುತ್ತೇವೆ’. ಹಾಗಾಗಿ ಇಂಗ್ಲಿಷಿನಲ್ಲಿ ಗೊಂದಲ ಜಾಸ್ತಿ. ಈ ವ್ಯತ್ಯಾಸವನ್ನು ಆ್ಯಪ್ ಹೇಳುವುದೇ ಇಲ್ಲ.

ಎರಡನ್ನೂ ಬರೆದು ಕಳಿಸಿದೆ. ಎರಡು ವಾರದಲ್ಲಿ ಮೊದಲನೆಯದನ್ನು ತಿದ್ದಿದರು. ಈಗ ಅಲ್ಲಿ ‘ಕಷ್ಟದ ಕಾಲ’ ಎಂದಿದೆ. ಎರಡನೆಯದಕ್ಕೆ ಇನ್ನೂ ಕಾಯುತ್ತಿದ್ದೇನೆ. ಸದ್ಯಕ್ಕೆ ಐದರಲ್ಲಿ ನಾಲ್ಕು ನಕ್ಷತ್ರ.