ಮೈಸೂರಿನಲ್ಲಿ ಕ್ಯಾಪ್ಸೂಲ್ ಎಂಡೋಸ್ಕೋಪಿ: ಪರೀಕ್ಷೆಗೆ ಪೂರ್ತಿ ಅಂಕ, ಮಾಹಿತಿ ಕೊಡುವುದರಲ್ಲಿ ಕಡಿಮೆ

ಅಮ್ಮನಿಗೆ ಹಿಮೋಗ್ಲೋಬಿನ್ ಇಳಿಯುತ್ತಲೇ ಇತ್ತು. ಐರನ್ ಮಾತ್ರೆ ಕೊಟ್ಟರೆ ಸ್ವಲ್ಪ ಏರುತ್ತಿತ್ತು, ಬಿಟ್ಟರೆ ಮತ್ತೆ ಅದೇ ಕಥೆ. ಮಂಡ್ಯದಲ್ಲಿ ಬಾಯಿಯಿಂದ ಟ್ಯೂಬ್ ಇಳಿಸಿ ನೋಡುವ ಎಂಡೋಸ್ಕೋಪಿ ಆಯ್ತು, ಗುದದ್ವಾರದಿಂದ ಟ್ಯೂಬ್ ಹಾಕಿ ದೊಡ್ಡ ಕರುಳು ನೋಡುವ ಕೊಲೊನೋಸ್ಕೋಪಿಯೂ ಆಯ್ತು, ಎರಡೂ ನಾರ್ಮಲ್. ಹಾಗಾದರೆ ರಕ್ತ ಹೋಗುತ್ತಿರುವುದು ಎಲ್ಲಿಂದ? ಆ ಎರಡು ಟ್ಯೂಬುಗಳ ಮಧ್ಯೆ ಸಣ್ಣ ಕರುಳಿನ ಬಹುಪಾಲು ನೋಡದೆಯೇ ಉಳಿದುಬಿಡುತ್ತದೆ, ಅದೇ ಸುಮಾರು ಆರು ಮೀಟರ್ ಉದ್ದ. ಅದಕ್ಕೇ ಕ್ಯಾಪ್ಸೂಲ್ ಎಂಡೋಸ್ಕೋಪಿಗೆ, ಅಂದರೆ ಮಾತ್ರೆಯಂಥ ಪುಟ್ಟ ಕ್ಯಾಮೆರಾ ನುಂಗಿಸಿ ಸಣ್ಣ ಕರುಳು ನೋಡುವ ಪರೀಕ್ಷೆಗೆ, ಮೈಸೂರಿನ ಒಂದು ಖಾಸಗಿ ಆಸ್ಪತ್ರೆಗೆ ಕರೆದುಕೊಂಡು ಬಂದೆವು.

ಪರೀಕ್ಷೆ ಬಗ್ಗೆ ಒಂದೂ ದೂರಿಲ್ಲ. 2001ರಲ್ಲೇ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು, ಹೊಸ ಪ್ರಯೋಗವೇನಲ್ಲ ಅಂತ ಡಾಕ್ಟರ್ ಹೇಳಿದ ಮೇಲೆ ಅಮ್ಮನಿಗೂ ಧೈರ್ಯ ಬಂತು. ಹಿಂದಿನ ದಿನ ಹೊಟ್ಟೆ ಖಾಲಿ ಮಾಡುವ ಔಷಧಿ, ರಾತ್ರಿ ಉಪವಾಸ. ಬೆಳಿಗ್ಗೆ ಸೊಂಟಕ್ಕೆ ಸೆನ್ಸರ್ ಬೆಲ್ಟ್ ಕಟ್ಟಿ, ಹೆಗಲಿಗೆ ರೆಕಾರ್ಡರ್ ನೇತುಹಾಕಿದರು. ಕ್ಯಾಪ್ಸೂಲ್ 26 ಮಿಲಿಮೀಟರ್ ಉದ್ದ, 11 ಮಿಲಿಮೀಟರ್ ದಪ್ಪ. ಡಬ್ಬಿಯಿಂದ ತೆಗೆದ ತಕ್ಷಣ ಅದರ ತುದಿಯ ಬೆಳಕು ಪಟಪಟ ಮಿನುಗತೊಡಗಿತು, ಅಮ್ಮ ಅದನ್ನೇ ನೋಡುತ್ತಾ ನೀರಿನ ಜೊತೆ ನುಂಗಿಯೇಬಿಟ್ಟರು. ನೋವಿಲ್ಲ, ಮಂಪರು ಬರಿಸುವ ಇಂಜೆಕ್ಷನ್ ಇಲ್ಲ. ಎರಡು ಗಂಟೆ ಬಿಟ್ಟು ನೀರು, ನಾಲ್ಕು ಗಂಟೆ ಬಿಟ್ಟು ಇಡ್ಲಿ. ಸುಮಾರು ಎಂಟು ಗಂಟೆಯಲ್ಲಿ ಅದು 50,000ಕ್ಕೂ ಜಾಸ್ತಿ ಫೋಟೊ ತೆಗೆಯುತ್ತದೆ.

ಸಿಕ್ಕಿದ್ದು ಸಣ್ಣ ಕರುಳಿನಲ್ಲಿ ಚಿಕ್ಕ ಚಿಕ್ಕ ಹುಣ್ಣುಗಳು. ಮಂಡಿನೋವಿಗೆ ಅಂತ ಮೆಡಿಕಲ್ ಸ್ಟೋರಿನಿಂದ ತಂದು ನುಂಗುತ್ತಿದ್ದ ಮಾತ್ರೆಗಳದ್ದೇ ಕೆಲಸ ಇರಬೇಕು ಎಂದರು ಡಾಕ್ಟರ್. ಅವನ್ನು ನಿಲ್ಲಿಸಿದ ಮೇಲೆ ಹಿಮೋಗ್ಲೋಬಿನ್ ಏರುತ್ತಿದೆ.

ಸಿಟ್ಟು ಬಂದಿದ್ದು ಆಸ್ಪತ್ರೆಯ ಮೇಲೆ. ಫೋಟೊ ನೋಡಿ ರಿಪೋರ್ಟ್ ಬರೆಯುವ ಶುಲ್ಕ ಬೇರೆ ಅಂತ ಗೊತ್ತಾಗಿದ್ದು ಬಿಲ್ ಕೌಂಟರಿನಲ್ಲಿ. ಅದಾದರೂ ದುಡ್ಡಿನ ವಿಷಯ, ಹೋಗಲಿ. ಆದರೆ ಕ್ಯಾಪ್ಸೂಲ್ ಹೊರಗೆ ಹೋಗಿದೆ ಅಂತ ಖಾತ್ರಿಯಾಗುವವರೆಗೂ ಎಂಆರ್‌ಐ ಮಾಡಿಸಬಾರದು ಅನ್ನುವುದನ್ನು ನಾವೇ ಕೇಳಿದ ಮೇಲೆ ಹೇಳಿದರು, ಇದು ಸರೀನಾ? ಕರುಳು ಎಲ್ಲಾದರೂ ಕಿರಿದಾಗಿದ್ದರೆ ಅದು ಅಲ್ಲೇ ಸಿಕ್ಕಿಕೊಳ್ಳಬಹುದು, ತೆಗೆಯಲು ಆಪರೇಷನ್ನೇ ಬೇಕಾಗಬಹುದು. ಕ್ರೋನ್ಸ್ ಕಾಯಿಲೆ (ಕರುಳಿನಲ್ಲಿ ಬಹುಕಾಲ ಉರಿಯೂತ ಇರುವ ರೋಗ) ಅಥವಾ ಕರುಳಿನ ಟಿಬಿ ಇರುವವರಿಗೆ ಈ ಭಯ ಜಾಸ್ತಿ. ಅಂಥವರಿಗೆ ಮೊದಲು ಸ್ಕ್ಯಾನ್ ಮಾಡುತ್ತಾರೆ, ಇಲ್ಲವೇ ಒಳಗೇ ಕರಗುವ ಡಮ್ಮಿ ಕ್ಯಾಪ್ಸೂಲ್ ಕೊಟ್ಟು ನೋಡುತ್ತಾರೆ. ನೀವು ಹೋದರೆ ನುಂಗುವ ಮುಂಚೆಯೇ ಇದನ್ನೆಲ್ಲ ಕೇಳಿ, ಹಳೆಯ ಹೊಟ್ಟೆ ಆಪರೇಷನ್ ಇದ್ದರೆ ಅದನ್ನೂ ತಪ್ಪದೆ ಹೇಳಿ. ಮತ್ತೆ, ಇದು ಫೋಟೊ ಮಾತ್ರ ತೆಗೆಯುತ್ತದೆ. ಬಯಾಪ್ಸಿ, ಅಂದರೆ ಕರುಳಿನ ಸಣ್ಣ ಚೂರು ತೆಗೆದು ಪರೀಕ್ಷಿಸುವುದು, ಬೇಕೆಂದರೆ ಇನ್ನೊಂದು ಪರೀಕ್ಷೆಗೂ ಖರ್ಚು ಇಟ್ಟುಕೊಂಡಿರಬೇಕು.