ಜಿಪಿಎಸ್‌ನಲ್ಲಿ 4.30 ಅಂದರೆ ನಾಲ್ಕು ಎಕರೆ ಮೂವತ್ತು ಗುಂಟೆ ಅಲ್ಲ: ನಾಟಿ ಲೆಕ್ಕಕ್ಕೆ ಯಂತ್ರ ಹಿಡಿಯುವವರು ಗಮನಿಸಿ

ಕಾರಟಗಿ ಕಡೆಯ ಒಂದು ನೆಲ್ಲಿನ ಹೊಲದಲ್ಲಿ ಎಕರೆ ಲೆಕ್ಕದಲ್ಲಿ ನಾಟಿ ಗುತ್ತಿಗೆ ಆಗಿತ್ತು. ಕೆಲಸ ಮುಗಿದ ಸಂಜೆ ಗ್ಯಾಂಗಿನ ಮೇಸ್ತ್ರಿ ಅಂಗೈ ಜಿಪಿಎಸ್ ಹಿಡಿದು ಬದುವಿನ ಮೇಲೆ ಒಂದು ಸುತ್ತು ಹಾಕಿ ಬಂದು, "ಗೌಡ್ರ, ನಾಕು ಮೂವತ್ತು ತೋರ್ಸಾಕತ್ತೈತ್ರಿ" ಅಂದ. ನಾಲ್ಕು ಎಕರೆ ಮೂವತ್ತು ಗುಂಟೆಗೆ ದುಡ್ಡು ಕೊಟ್ಟಾಯಿತು. ಆಮೇಲೆ ಔಷಧಿ ಹೊಡೆಯಲು ಬಂದ ಡ್ರೋನಿನವರ ಲೆಕ್ಕದಲ್ಲಿ ಅದೇ ಹೊಲ ನಾಲ್ಕು ಎಕರೆ ಹನ್ನೆರಡು ಗುಂಟೆ! ಜಗಳ ಶುರುವಾಯಿತು. ಹಳೆಯ ಸುತ್ತನ್ನು ತೆಗೆದು ನೋಡೋಣ ಎಂದರೆ ಯಂತ್ರದಲ್ಲಿ ಅದು ಉಳಿದೇ ಇರಲಿಲ್ಲ.

ಇಲ್ಲಿ ಮೇಸ್ತ್ರಿಯೂ ಮೋಸ ಮಾಡಿಲ್ಲ, ಯಂತ್ರವೂ ಕೆಟ್ಟಿಲ್ಲ. ಯಂತ್ರ ತೋರಿಸಿದ್ದು ದಶಮಾಂಶದ ಎಕರೆ. ಎಕರೆಗೆ 40 ಗುಂಟೆ, ಹಾಗಾಗಿ 0.30 ಎಕರೆ ಅಂದರೆ 12 ಗುಂಟೆ. ಎಕರೆಗೆ 5,000 ರೂಪಾಯಿ ದರ ಎಂದು ಇಟ್ಟುಕೊಂಡರೂ ಈ 18 ಗುಂಟೆಯ ವ್ಯತ್ಯಾಸಕ್ಕೆ 2,250 ರೂಪಾಯಿ ಆಗುತ್ತದೆ. ಗೊಂದಲಕ್ಕೆ ಅರ್ಧ ಕಾರಣ ಪಹಣಿ. ಅಲ್ಲಿ ಎಕರೆ, ಗುಂಟೆಗಳ ನಡುವೆ ಚುಕ್ಕೆ ಇರುತ್ತದೆ, 4.30.00 ಎಂದರೆ ನಿಜಕ್ಕೂ ನಾಲ್ಕು ಎಕರೆ ಮೂವತ್ತು ಗುಂಟೆಯೇ. ಪಹಣಿಯಲ್ಲಿ ಹಾಗಿರುವ ಹೊಲ ಯಂತ್ರದಲ್ಲಿ 4.75 ಎಂದು ಬರಬೇಕು. ಚುಕ್ಕೆಯ ನಂತರದ ಅಂಕಿಯನ್ನು ಬಿಡಿಯಾಗಿ ತೆಗೆದು 0.40ರಿಂದ ಗುಣಿಸಿ, ಅಂದರೆ 30 ಇದ್ದರೆ 12, 50 ಇದ್ದರೆ 20, 75 ಇದ್ದರೆ 30. ಒಂದೇ ಅಂಕಿ ಇದ್ದರೆ ಮುಂದೆ ಸೊನ್ನೆ ಸೇರಿಸಿಕೊಳ್ಳಿ: 4.3 ಮತ್ತು 4.30 ಒಂದೇ. ಯಂತ್ರ ಹೆಕ್ಟೇರಿನಲ್ಲಿ ಇದ್ದರೆ ಕಾರಟಗಿಯ ಆ 4.30 ಎಕರೆ ಹೊಲವನ್ನು 1.74 ಎಂದು ತೋರಿಸುತ್ತದೆ. ಒಂದು ಹೆಕ್ಟೇರ್ 2.47 ಎಕರೆ. ಬ್ಯಾಟರಿ ಬದಲಿಸಿದಾಗಲೋ, ಯಾರೋ ಗುಂಡಿ ಒತ್ತಿದಾಗಲೋ ಅಳತೆಯ ಮಾನ ಬದಲಾಗಿರಬಹುದು. ಪರದೆಯ ಮೇಲೆ ಅಂಕಿಯ ಪಕ್ಕ ಏನು ಬರೆದಿದೆ ಎಂಬುದನ್ನು ಇಬ್ಬರೂ ಓದಿದ ಮೇಲೆಯೇ ನಡೆಯಲು ಶುರು ಮಾಡಿ.

ಇನ್ನು ನಡೆಯುವ ರೀತಿ. ಹೆಚ್ಚಿನವರು ಇಲ್ಲೇ ಎಡವುತ್ತಾರೆ. ಬಯಲಿನಲ್ಲೂ ಅಂಗೈ ಜಿಪಿಎಸ್ ಮೂರರಿಂದ ಐದು ಮೀಟರ್ ಆಚೀಚೆ ಆಗುವುದು ಮಾಮೂಲು. ಅದು ಹಾಗಿರಲಿ, ನಾವು ಬದುವಿನ ಯಾವ ಅಂಚಿನಲ್ಲಿ ನಡೆಯುತ್ತೇವೆ ಎಂಬುದೇ ದುಡ್ಡನ್ನು ತಿನ್ನುತ್ತದೆ. ಚೌಕಾಕಾರದ ಒಂದು ಎಕರೆಯ ಸುತ್ತಳತೆ ಸುಮಾರು 254 ಮೀಟರ್. ಸುತ್ತಲೂ ಒಂದು ಮೀಟರ್ ಹೊರಗೆ ನಡೆದರೆ ಎರಡೂವರೆ ಗುಂಟೆ ಜಾಸ್ತಿ ಬರುತ್ತದೆ. ಅದೇ ಎಕರೆ ಕಾಲುವೆ ಬದಿಯಲ್ಲಿ 20 ಮೀಟರ್ ಅಗಲದ ಉದ್ದ ಪಟ್ಟಿಯಾಗಿದ್ದರೆ ಸುಮಾರು ನಾಲ್ಕೂವರೆ ಗುಂಟೆ. ಹತ್ತು ಗುಂಟೆಯ ಮಡಿಯನ್ನಂತೂ ಈ ಯಂತ್ರದಲ್ಲಿ ಅಳೆಯಲೇ ಬೇಡಿ. ಒಂದು ಮೀಟರ್ ತಪ್ಪಿಗೆ ನೂರಕ್ಕೆ ಹದಿಮೂರು ಹೋಗುತ್ತದೆ, ಟೇಪೇ ವಾಸಿ. ಸಣ್ಣ ಮಡಿಗಳನ್ನು ಒಂದೊಂದಾಗಿ ಅಳೆದು ಕೂಡಿಸಿದರೆ ನಡುವಿನ ಬದುಗಳು ಎರಡೆರಡು ಸಲ ಸೇರುತ್ತವೆ. ಎಲ್ಲವನ್ನೂ ಬಳಸಿ ಒಂದೇ ಸುತ್ತು ಹಾಕಿ, ಒಳಗಿನ ಬೋರ್‌ವೆಲ್ ಶೆಡ್ಡು, ಹೊಲಗಾಲುವೆಗಳನ್ನು ಟೇಪಿನಿಂದ ಅಳೆದು ಕಳೆಯುವುದು ಮೇಲು.

ಯಂತ್ರ ಆನ್ ಮಾಡಿದ ಕೂಡಲೇ ಹೊರಡಬೇಡಿ. ಆಕಾಶ ಕಾಣುವ ಕಡೆ ನಿಂತು ಉಪಗ್ರಹಗಳು ಸಿಕ್ಕು, ನಿಖರತೆಯ ಅಂಕಿ (ಎಷ್ಟು ಮೀಟರ್ ಆಚೀಚೆ ಆಗಬಹುದು ಎಂಬುದು) ಇಳಿದು ಸ್ಥಿರವಾಗುವ ತನಕ ಕಾಯಿರಿ. ಬದುವಿನ ಮೇಲೆ ಯಾರೋ ಸಿಕ್ಕರೆಂದು ನಿಂತು ಮಾತಾಡಿದರೆ ಯಂತ್ರ ದಾರಿಯುದ್ದಕ್ಕೂ ಹಾಕುವ ಗುರುತುಗಳು ಅಲ್ಲೇ ಗಂಟುಗಂಟಾಗಿ ಬೀಳುತ್ತವೆ. ನಿಲ್ಲಲೇಬೇಕಿದ್ದರೆ ವಿರಾಮದ ಗುಂಡಿ ಒತ್ತಿ. ನಡೆದ ದಾರಿಯನ್ನೇ ಅಡ್ಡ ದಾಟಿ ಎಂಟರ ಆಕಾರ ಮಾಡಿದರೆ ಹಲವು ಯಂತ್ರಗಳು ಒಂದು ಭಾಗವನ್ನು ಇನ್ನೊಂದರಿಂದ ಕಳೆದುಬಿಡುತ್ತವೆ. ಗುರುತು ಹಾಕುವ ಅಂತರ 20–30 ಮೀಟರಿಗೆ ಇದ್ದರೆ ಮೂಲೆಗಳು ಕತ್ತರಿಸಿ ಹೋಗುತ್ತವೆ. ಎರಡು ಮೂರು ಮೀಟರಿಗೆ ಇಡಿ, ಮೂಲೆಯಲ್ಲಿ ಒಂದೆರಡು ಉಸಿರು ನಿಂತು ತಿರುಗಿ. ಗಂಗಾವತಿ, ಆನೆಗೊಂದಿ ಕಡೆ ಬಂಡೆಗುಡ್ಡಕ್ಕೆ ಹತ್ತಿದ ಹೊಲಗಳಲ್ಲಿ ಸಿಗ್ನಲ್ ಕಲ್ಲಿಗೆ ಬಡಿದು ತಿರುಗಿ ಬರುತ್ತದೆ. ಬಳ್ಳಾರಿ ಜಾಲಿ ದಟ್ಟವಾಗಿ ಬೆಳೆದ ಬದುವಿನಲ್ಲೂ ನಂಬಿಕೆ ಕಡಿಮೆ. ಅಂಥ ಕಡೆ ಬಲಕ್ಕೊಂದು, ಎಡಕ್ಕೊಂದು ಸುತ್ತು ಹಾಕಿ. ಎರಡರ ನಡುವೆ ನೂರಕ್ಕೆ ಐದಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ ಎರಡನ್ನೂ ಬಿಡಿ.

ದಾಖಲೆಯ ವಿಷಯ. ಅಗ್ಗದ ಎಕರೆ ಮೀಟರುಗಳಲ್ಲಿ ಕೆಲವು ಬರೀ ಅಂಕಿ ಉಳಿಸುತ್ತವೆ, ನಡೆದ ದಾರಿಯನ್ನಲ್ಲ. ಅಂಥ ಅಂಕಿಯನ್ನು ಮತ್ತೆ ಪರೀಕ್ಷಿಸಲು ದಾರಿಯೇ ಇಲ್ಲ, ನಮ್ಮ ಪ್ರಕಾರ ಗುತ್ತಿಗೆಗೆ ಅದು ಲಾಯಕ್ಕಿಲ್ಲ. ದಾರಿ ಉಳಿಸುವ ಯಂತ್ರಗಳಲ್ಲೂ ಜಾಗ ತುಂಬಿದರೆ ಹಳೆಯದರ ಮೇಲೆ ಹೊಸದನ್ನು ಬರೆಯುವ ಸೆಟ್ಟಿಂಗ್ ಇರುತ್ತದೆ. ಕಾರಟಗಿಯ ಸುತ್ತು ಮಾಯವಾದದ್ದು ಹೀಗೆಯೇ. ನಾಟಿಯ ಸುಗ್ಗಿಯಲ್ಲಿ ದಿನಕ್ಕೆ ಹತ್ತಾರು ಹೊಲ ಸುತ್ತುವ ಯಂತ್ರ ತುಂಬಲು ಎಷ್ಟು ಹೊತ್ತು? ಸುತ್ತು ಮುಗಿದ ಕೂಡಲೇ ಸರ್ವೆ ನಂಬರ್, ತಾರೀಕು ಹಾಕಿ ಸೇವ್ ಮಾಡಿ. ಅಂದೇ ರಾತ್ರಿ ನಡೆದ ದಾರಿಯ ಜಿಪಿಎಕ್ಸ್ (GPX) ಫೈಲನ್ನು ಕೇಬಲ್ಲಿನಿಂದ ಇಳಿಸಿ, ವಾಟ್ಸಾಪಿನಲ್ಲಿ ಡಾಕ್ಯುಮೆಂಟಾಗಿ ಎರಡೂ ಕಡೆಯವರಿಗೆ ಕಳಿಸಿ. ಆ ಫೈಲಿನಲ್ಲಿ ಇರುವುದು ದಾರಿಯ ಗುರುತುಗಳು ಮಾತ್ರ, ವಿಸ್ತೀರ್ಣ ಇರುವುದಿಲ್ಲ. ಆದ್ದರಿಂದ ಮಾನ ಕಾಣುವ ಹಾಗೆ ಪರದೆಯ ಫೋಟೋವನ್ನೂ ಜೊತೆಗೆ ಇಡಿ.

ಜಿಪಿಎಕ್ಸ್‌ನಲ್ಲಿ ಸಮಯ ನಮ್ಮ ಗಡಿಯಾರದ್ದಲ್ಲ, ಯುಟಿಸಿ ಎಂಬ ಜಾಗತಿಕ ಸಮಯ, ಅಂದರೆ ಐದೂವರೆ ತಾಸು ಹಿಂದಿನದು. ಬೆಳಗಿನ ಐದಕ್ಕೆ ಅಳೆದ ಹೊಲ ಫೈಲಿನಲ್ಲಿ ಹಿಂದಿನ ದಿನದ ರಾತ್ರಿ ಹನ್ನೊಂದೂವರೆಗೆ ಅಳೆದಂತೆ ಕಾಣುತ್ತದೆ. ಇದನ್ನೇ ಹಿಡಿದು "ಸುಳ್ಳು ದಾಖಲೆ" ಎನ್ನುವವರಿಗೆ ಅಷ್ಟು ಹೇಳಿದರೆ ಸಾಕು.

ಬದು ಯಾರದು ಎಂಬ ತಕರಾರಿಗೆ ಈ ಯಂತ್ರ ತರಬೇಡಿ, ದಿಶಾಂಕ್ ಆ್ಯಪನ್ನೂ ತೋರಿಸಬೇಡಿ. ಆ ಆ್ಯಪ್ ನಾವು ನಿಂತ ಜಾಗದ ಸರ್ವೆ ನಂಬರ್ ತಿಳಿಯಲು ಒಳ್ಳೆಯದು, ಅಷ್ಟೇ. ಗಡಿಗೆ ಹದ್ದುಬಸ್ತಿನ ಅರ್ಜಿ ಹಾಕಿ ಸರ್ವೆಯರನ್ನೇ ಕರೆಸಬೇಕು.

ಹಳೆಯ ಯಂತ್ರ ಕೊಳ್ಳುವವರು ಮೊದಲು ತಾರೀಕು ನೋಡಿ. ಜಿಪಿಎಸ್‌ನ ವಾರದ ಎಣಿಕೆ 1,024ಕ್ಕೆ ಮುಗಿದು ಮತ್ತೆ ಸೊನ್ನೆಯಿಂದ ಶುರುವಾಗುತ್ತದೆ. 2019ರ ಏಪ್ರಿಲ್‌ನಲ್ಲಿ ಹಾಗಾದ ಮೇಲೆ ಸಾಫ್ಟ್‌ವೇರ್ ಅಪ್‌ಡೇಟ್ ಆಗದ ಕೆಲವು ಯಂತ್ರಗಳು ಸುಮಾರು ಇಪ್ಪತ್ತು ವರ್ಷ ಹಿಂದಿನ ತಾರೀಕು ತೋರಿಸುತ್ತವೆ. ಜಾಗ ಸರಿಯಾಗಿಯೇ ಬರಬಹುದು, ದಾಖಲೆ ಮಾತ್ರ ಕೆಲಸಕ್ಕೆ ಬಾರದು. ಕಡಿಮೆ ಬೆಲೆಗೆ ಸಿಕ್ಕಿತೆಂದು ಗಾಲ್ಫ್ ಆಟದ ಜಿಪಿಎಸ್ ತರುವುದಂತೂ ದಂಡ. ಅದು ಗುಳಿಯಿರುವ ಹುಲ್ಲುಹಾಸಿಗೆ ಎಷ್ಟು ದೂರ ಎಂದು ಹೇಳಿ, ಆಟದ ಅಂಕ ಉಳಿಸುವ ಯಂತ್ರ. ಹೊಲದ ವಿಸ್ತೀರ್ಣ ಅದರ ಕೆಲಸವಲ್ಲ. ದೂರವೂ ಸಾಮಾನ್ಯವಾಗಿ ಗಜದಲ್ಲಿ ಇರುತ್ತದೆ. ಅದನ್ನು ಮೀಟರ್ ಎಂದುಕೊಂಡು ಉದ್ದ, ಅಗಲ ಗುಣಿಸಿದರೆ 40 ಗುಂಟೆಯ ಹೊಲ 48 ಗುಂಟೆಯ ಹತ್ತಿರ ಬರುತ್ತದೆ.