ಬೆಳ್ಳಕ್ಕಿ, ಬಳಪದ ಕಲ್ಲು, ಬಯಲಾಟ: ಯಾವ ಮೀಟರಿಂಗ್ ಎಲ್ಲಿ ಕೈಹಿಡಿಯಿತು?

ರಂಗನತಿಟ್ಟಿಗೆ ಹೋಗಿ ಬಂದು ಬೆಳ್ಳಕ್ಕಿಯ ಫೋಟೊಗಳನ್ನು ತೆರೆದು ನೋಡಿದರೆ ಒಂದರಲ್ಲೂ ಗರಿ ಕಾಣಲಿಲ್ಲ. ಬಿಳಿ ಕಾಗದ ಕತ್ತರಿಸಿ ಬಂಡೆ ಮೇಲೆ ಅಂಟಿಸಿದ ಹಾಗಿತ್ತು. ಫೋಕಸ್ ಸರಿಯಾಗಿ ಕೂತಿತ್ತು, ಕೈಯೂ ಅಲುಗಿರಲಿಲ್ಲ. ಬೆಳಕಿನ ಲೆಕ್ಕ ಮಾತ್ರ ತಪ್ಪಿತ್ತು. ಅಲ್ಲಿಯವರೆಗೆ ಬೆಳಕನ್ನು ಅಳೆಯಲು, ಅಂದರೆ ಮೀಟರಿಂಗ್‌ಗೆ, ಕ್ಯಾಮೆರಾದಲ್ಲಿರುವ ಬಗೆಗಳಲ್ಲಿ ನಾನು ಮ್ಯಾಟ್ರಿಕ್ಸ್ ಬಿಟ್ಟು ಬೇರೆ ಯಾವುದನ್ನೂ ಮುಟ್ಟಿರಲಿಲ್ಲ. ಅವತ್ತಿನಿಂದ ಎಲ್ಲಿ ಹೋದರೂ ನಾಲ್ಕೂ ಮೀಟರಿಂಗ್ ಮೋಡ್‌ಗಳನ್ನು ಒಂದೇ ಜಾಗದಲ್ಲಿ, ಒಂದೇ ಬೆಳಕಿನಲ್ಲಿ ಹಾಕಿ ನೋಡಲು ಶುರು ಮಾಡಿದೆ. ಅಪರ್ಚರ್ (ಲೆನ್ಸಿನ ಕಿಂಡಿಯ ಅಳತೆ), ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) ಕದಲಿಸದೆ, ಕ್ಯಾಮೆರಾ ಕೊಡುವ ಶಟರ್ ವೇಗವನ್ನು, ಅಂದರೆ ಸೆಕೆಂಡಿನ ಎಷ್ಟನೇ ಭಾಗ ಬೆಳಕು ಒಳಬಿಡುತ್ತದೆ ಅನ್ನುವುದನ್ನು, ಬರೆದುಕೊಳ್ಳುವುದು. ಅಷ್ಟೇ ಪರೀಕ್ಷೆ.

ಮೊದಲು ಒಂದು ಮಾತು. ಮೀಟರ್ ತಾನು ಅಳೆದ ಜಾಗವನ್ನು ಮಧ್ಯಮ ಬೂದುಬಣ್ಣಕ್ಕೆ ತರಲು ನೋಡುತ್ತದೆ. ಬಿಳಿ ತೋರಿಸಿದರೆ ಕಪ್ಪಾಗಿಸುತ್ತದೆ, ಕಪ್ಪು ತೋರಿಸಿದರೆ ಬೆಳ್ಳಗಾಗಿಸುತ್ತದೆ. ಯಾವ ಜಾಗವನ್ನು ಅಳೆಯಬೇಕು ಅನ್ನುವುದರಲ್ಲೇ ಮೋಡ್‌ಗಳ ವ್ಯತ್ಯಾಸ. ಮ್ಯಾಟ್ರಿಕ್ಸ್ ಇಡೀ ಚೌಕಟ್ಟನ್ನು ನೋಡಿ ತಾನೇ ಒಂದು ತೀರ್ಮಾನಕ್ಕೆ ಬರುತ್ತದೆ. ಕೆನಾನ್‌ನವರು ಇದನ್ನು ಇವ್ಯಾಲ್ಯುಯೇಟಿವ್ ಅನ್ನುತ್ತಾರೆ, ಸೋನಿಯವರು ಮಲ್ಟಿ. ಚೌಕಟ್ಟನ್ನು ಭಾಗ ಮಾಡಿ ಅಳೆಯುವ ಈ ಪದ್ಧತಿ 1983ರಲ್ಲಿ ನಿಕಾನ್ ಎಫ್‌ಎ ಜೊತೆ ಬಂತು, ಆಗ ಬರೀ ಐದು ಭಾಗ. ಸೆಂಟರ್-ವೇಯ್ಟೆಡ್ ನಡುವಿನ ವೃತ್ತಕ್ಕೆ ಜಾಸ್ತಿ ತೂಕ ಕೊಡುತ್ತದೆ. ನನ್ನ ಕ್ಯಾಮೆರಾದಲ್ಲಿ ಆ ತೂಕ 75 ಶೇಕಡಾ. ಸ್ಪಾಟ್ ಚೌಕಟ್ಟಿನ ಸುಮಾರು 2.5 ಶೇಕಡಾ ಜಾಗವನ್ನಷ್ಟೇ ನೋಡುತ್ತದೆ. ಹೈಲೈಟ್-ವೇಯ್ಟೆಡ್‌ನ ಕೆಲಸ ಬೇರೆ: ಅತಿ ಬೆಳಕಿನ ಜಾಗ ಸುಡದ ಹಾಗೆ, ಅಂದರೆ ವಿವರ ಅಳಿಸಿ ಬರೀ ಬಿಳಿಯಾಗದ ಹಾಗೆ, ಕಾಯುವುದು.

ಮತ್ತೆ ರಂಗನತಿಟ್ಟು. ಬೆಳಿಗ್ಗೆ ಒಂಬತ್ತರ ಬಿಸಿಲು, ಹಿಂದೆ ನೆರಳಿನಲ್ಲಿರುವ ಮರಗಳು, ಮುಂದೆ ಬಂಡೆ ಮೇಲೆ ಬೆಳ್ಳಕ್ಕಿ. ಮೀನಿಗೆ ಹೊಂಚುಹಾಕಿ ನಿಂತ ಬೆಳ್ಳಕ್ಕಿ ಅಲುಗಾಡುವುದಿಲ್ಲ, ಪರೀಕ್ಷೆಗೆ ಇದಕ್ಕಿಂತ ಒಳ್ಳೆಯ ಹಕ್ಕಿ ಇಲ್ಲ. ದೋಣಿಯವರು ಸ್ವಲ್ಪ ಹೊತ್ತು ಹುಟ್ಟು ನಿಲ್ಲಿಸಿದರು. ಐಎಸ್‌ಒ 400, ಅಪರ್ಚರ್ ಎಫ್ 8. ಮ್ಯಾಟ್ರಿಕ್ಸ್ 1/640 ಅಂದಿತು, ಹಕ್ಕಿ ಪೂರ್ತಿ ಸುಟ್ಟುಹೋಯಿತು. ಸೆಂಟರ್-ವೇಯ್ಟೆಡ್ 1/1000, ಕತ್ತಿನ ಹತ್ತಿರ ಮಾತ್ರ ಗರಿಯ ಗೆರೆ ಬಂತು. ಸ್ಪಾಟ್ 1/6400, ಬೆಳ್ಳಕ್ಕಿ ಬೂದಿ ಬಳಿದುಕೊಂಡ ಹಾಗಾಯಿತು. ಹೈಲೈಟ್ 1/2500. ಕೊನೆಗೆ ಗರಿಯೂ ಕಂಡು ಬಿಳಿಯೂ ಬಿಳಿಯಾಗಿ ಉಳಿದದ್ದು 1/2000ರಲ್ಲಿ. ಹೈಲೈಟ್‌ಗೆ ಮೂರನೇ ಒಂದು ಸ್ಟಾಪ್ ಸೇರಿಸಿದರೆ ಸಾಕಿತ್ತು (ಒಂದು ಸ್ಟಾಪ್ ಸೇರಿಸಿದರೆ ಬೆಳಕು ಎರಡು ಪಟ್ಟು, ಕಳೆದರೆ ಅರ್ಧ). ಸ್ಪಾಟ್‌ಗೆ 1.7 ಸ್ಟಾಪ್ ಸೇರಿಸಬೇಕು, ಮ್ಯಾಟ್ರಿಕ್ಸ್‌ನಿಂದ ಅಷ್ಟೇ ಕಳೆಯಬೇಕು.

ಹಾಗಾದರೆ ಮ್ಯಾಟ್ರಿಕ್ಸ್‌ನಲ್ಲೇ 1.7 ಕಳೆದು ಕೂತರಾಯಿತು, ಅಲ್ವಾ? ನಾನೂ ಹಾಗೇ ಅಂದುಕೊಂಡೆ. ಅಷ್ಟರಲ್ಲಿ ಹಕ್ಕಿ ಹಾರಿತು. ಹಿಂದೆ ಮರ ಹೋಗಿ ಆಕಾಶ ಬಂತು, ಮ್ಯಾಟ್ರಿಕ್ಸ್ ತಾನೂ ಒಂದಿಷ್ಟು ಕಪ್ಪಾಗಿಸಿತು, ನಾನು ಕಳೆದದ್ದೂ ಸೇರಿ ಹಕ್ಕಿ ನೆರಳಿನಂತಾಯಿತು. ಬಿಸಿಲು ಅದೇ, ಹಕ್ಕಿ ಅದೇ. ಬದಲಾಗಿದ್ದು ಹಿನ್ನೆಲೆ ಮಾತ್ರ. ಬಿಸಿಲು ಒಂದೇ ಸಮ ಇದ್ದಾಗ ನಾನೀಗ ಸ್ಪಾಟ್‌ನಲ್ಲಿ ಒಮ್ಮೆ ಅಳೆದು, 1.7 ಸೇರಿಸಿ, ಕ್ಯಾಮೆರಾ ತಾನಾಗಿ ಬದಲಿಸದ ಹಾಗೆ ಮ್ಯಾನುಯಲ್‌ಗೆ ಹಾಕಿಬಿಡುತ್ತೇನೆ. ಹಕ್ಕಿ ಎತ್ತ ಹಾರಿದರೂ ಲೆಕ್ಕ ತಪ್ಪುವುದಿಲ್ಲ.

ಇಲ್ಲಿಂದ ನನ್ನ ಪ್ರಶ್ನೆಯೇ ಬದಲಾಯಿತು. ಎಲ್ಲ ಮೋಡ್‌ಗಳೂ ತಪ್ಪುತ್ತವೆ. ಯಾವುದರ ತಪ್ಪು ನನಗೆ ಮೊದಲೇ ಗೊತ್ತಿರುತ್ತದೆ?

ಬೇಲೂರಿನಲ್ಲಿ ಅದಕ್ಕೆ ಉತ್ತರ ಸಿಕ್ಕಿತು. ಚೆನ್ನಕೇಶವ ದೇವಾಲಯದ ಸೂರಿನ ಕೆಳಗೆ ಮದನಿಕೆಯರು, ಮೇಲೆ ಹೊಳೆಯುವ ಆಕಾಶ. ಬಳಪದ ಕಲ್ಲು ಮಧ್ಯಮ ಬೂದಿಗಿಂತ ಕಪ್ಪು. ಮ್ಯಾಟ್ರಿಕ್ಸ್‌ನಲ್ಲಿ ಲೆನ್ಸನ್ನು ಸ್ವಲ್ಪ ಮೇಲೆತ್ತಿ ಆಕಾಶದ ಒಂದು ಚೂರು ಒಳಗೆ ಬಂದರೂ 1/125 ಇದ್ದದ್ದು 1/320ಕ್ಕೆ ಹಾರಿತು. ಸ್ಪಾಟ್ ಇನ್ನೂ ಕಷ್ಟ ಕೊಟ್ಟಿತು. ಹೊಯ್ಸಳರ ಕೆತ್ತನೆ ಆಳವಾದದ್ದು, ಬಿಂದು ಆಭರಣದ ಮೇಲೆ ಬಿದ್ದರೆ ಒಂದು ಅಂಕಿ, ಪಕ್ಕದ ಟೊಳ್ಳಿನ ಮೇಲೆ ಬಿದ್ದರೆ ಎರಡು ಸ್ಟಾಪ್ ದೂರದ ಅಂಕಿ. ಸೆಂಟರ್-ವೇಯ್ಟೆಡ್ ಮಾತ್ರ 1/125, 1/160ರ ಆಚೀಚೆ ನಿಂತಿತು. ಕಲ್ಲು ತುಸು ಬೆಳ್ಳಗೆ ಬರುತ್ತದೆ, ಪ್ರತಿ ಸಲವೂ ಅಷ್ಟೇ ಬೆಳ್ಳಗೆ. 0.7 ಕಳೆದೆ, ಕಲ್ಲಿನ ಕಪ್ಪು ಮಿರುಗು ಹಾಗೇ ಬಂತು. ಹಳೇ ಕಾಲದ ಮೀಟರಿಂಗ್ ಎಂದು ಇದನ್ನು ಬದಿಗಿಡುವವರಿದ್ದಾರೆ. ನನಗೆ ಇದರ ಮೇಲೆ ಪ್ರೀತಿ ಹುಟ್ಟಿದ್ದು ಅಲ್ಲೇ.

ಕುಂದಾಪುರದ ಕಡೆ ಯಕ್ಷಗಾನ ಬಯಲಾಟದಲ್ಲಿ ಮಾತ್ರ ಅದೂ ಸೋತಿತು. ರಂಗಸ್ಥಳದ ಹಿಂದೆ ಗಾಢ ಕತ್ತಲು, ವೇಷದ ಮೇಲೆ ಜೋರು ದೀಪ. ಐಎಸ್‌ಒ 3200, ಎಫ್ 2.8. ಮ್ಯಾಟ್ರಿಕ್ಸ್ ಕತ್ತಲನ್ನೂ ಲೆಕ್ಕಕ್ಕೆ ಹಿಡಿದು 1/80 ಕೊಟ್ಟಿತು. ಮುಖದ ಬಣ್ಣ ಕರಗಿತು, ಕಿರೀಟ ಬರೀ ಬಿಳಿ ಚುಕ್ಕೆಗಳಾಯಿತು. ಹಾರಿ ತಿರುಗುತ್ತ ದಿಗಿಣ ಹಾಕುವ ವೇಷಕ್ಕೆ ಆ ಶಟರ್ ಸಾಲುವುದೂ ಇಲ್ಲ. ಕುಣಿತ ಏರಿದಾಗ ವೇಷ ನಡುವಿನಲ್ಲಿ ನಿಲ್ಲುವುದಿಲ್ಲ, ಹಾಗಾಗಿ ಸೆಂಟರ್-ವೇಯ್ಟೆಡ್ ಕೈಕೊಟ್ಟಿತು. ಸ್ಪಾಟ್ ಒಂದು ಫ್ರೇಮ್‌ನಲ್ಲಿ ಮುಖ ಅಳೆದರೆ ಮುಂದಿನದರಲ್ಲಿ ಕಪ್ಪು ಬಟ್ಟೆ ಅಳೆಯಿತು. ಹೈಲೈಟ್ 1/320 ಕೊಟ್ಟಿತು. ಚಿತ್ರ ಕ್ಯಾಮೆರಾ ಪರದೆಯಲ್ಲಿ ಸ್ವಲ್ಪ ಮಬ್ಬಾಗಿ ಕಂಡಿತು, ಆದರೆ ರಾ ಫೈಲ್‌ನಲ್ಲಿ (ಕ್ಯಾಮೆರಾ ಸಂಸ್ಕರಿಸದೆ ಉಳಿಸುವ ಫೈಲ್) ನೆರಳನ್ನು ಎತ್ತಬಹುದು. ಸುಟ್ಟದ್ದನ್ನು ಮರಳಿ ತರಲಾಗದು. ಒಂದು ಎಚ್ಚರ: ದೀಪವೇ ಚೌಕಟ್ಟಿನೊಳಗೆ ಬಂದರೆ ಈ ಮೋಡ್ ಅದನ್ನು ಕಾಪಾಡಲು ಹೋಗಿ ಉಳಿದದ್ದನ್ನೆಲ್ಲ ಕತ್ತಲಿಗೆ ತಳ್ಳುತ್ತದೆ. ದೀಪ ಆಚೆ ಇರುವಂತೆ ಕೂತು ತೆಗೆಯಿರಿ.

ಸ್ಪಾಟ್ ಗೆದ್ದದ್ದು ಮನೆಯಲ್ಲಿ. ಅಜ್ಜಿ ಬಾಗಿಲ ಹೊಸ್ತಿಲಲ್ಲಿ ಕೂತು ಹೂ ಕಟ್ಟುತ್ತಿದ್ದರು, ಹಿಂದೆ ಅಂಗಳದ ಬಿಸಿಲು. ಅವರ ಕೆನ್ನೆ ಮೇಲೆ ಬಿಂದು ಇಟ್ಟು, ಆ ಅಳತೆ ಬದಲಾಗದಂತೆ ಎಕ್ಸ್‌ಪೋಷರ್ ಲಾಕ್ ಮಾಡಿ ತೆಗೆದೆ. ಮುಖದ ಮೇಲೆ ಅಳೆದರೆ ಒಂದು ಸ್ಟಾಪ್ ಸೇರಿಸಬೇಕು ಅನ್ನುವ ಸಲಹೆ ಬಿಳಿ ಚರ್ಮದವರಿಗೆ ಹೊಂದುತ್ತದೆ. ನಮ್ಮ ಗೋಧಿ, ಎಣ್ಣೆಗೆಂಪು ಮೈಬಣ್ಣ ಮಧ್ಯಮ ಬೂದಿಗೆ ಹತ್ತಿರವೇ ಇದೆ. ಏನೂ ಸೇರಿಸದೆ, ಏನೂ ಕಳೆಯದೆ ಅಜ್ಜಿಯ ಬಣ್ಣ ಸರಿಯಾಗಿ ಬಂತು. ಬಾಗಿಲಾಚೆಯ ಅಂಗಳ ಬಿಳುಚಿತು, ಅದು ಬಿಳುಚಲಿ.

ಮ್ಯಾಟ್ರಿಕ್ಸ್ ಬಿಟ್ಟೇಬಿಟ್ಟೆ ಅಂದುಕೊಳ್ಳಬೇಡಿ. ಮದುವೆ ಮನೆ, ಜಾತ್ರೆ, ಮಕ್ಕಳ ಓಡಾಟ, ಇಲ್ಲೆಲ್ಲ ಯೋಚಿಸಲು ಪುರುಸೊತ್ತಿರುವುದಿಲ್ಲ, ಬೆಳಕೂ ಅಷ್ಟು ವಿಪರೀತ ಇರುವುದಿಲ್ಲ. ಆಗ ಅದೇ ಸರಿ. ಉಳಿದಂತೆ ನನ್ನ ಕ್ಯಾಮೆರಾ ಚೀಲದಿಂದ ಹೊರಬರುವಾಗ ಸೆಂಟರ್-ವೇಯ್ಟೆಡ್‌ನಲ್ಲಿರುತ್ತದೆ. ಕ್ಯಾಮೆರಾದ ಮುಂಬದಿಯ ಎಫ್‌ಎನ್1 ಗುಂಡಿಗೆ (ನಮಗೆ ಬೇಕಾದ ಕೆಲಸ ಹಚ್ಚಬಹುದಾದ ಗುಂಡಿ) ಸ್ಪಾಟ್ ಕೊಟ್ಟಿದ್ದೇನೆ, ಬೆರಳು ಒತ್ತಿರುವಷ್ಟು ಹೊತ್ತು ಮಾತ್ರ. ಆಟ ನೋಡಲು ಹೋಗುವ ರಾತ್ರಿ ಅದೇ ಗುಂಡಿಗೆ ಹೈಲೈಟ್ ಹಾಕಿಕೊಂಡು ಹೊರಡುತ್ತೇನೆ.